ಪ್ರಶ್ನೆ ಮೊದಲು, ಸೈನ್ಯ ಆಮೇಲೆ

ಮೇಜಿನ ಮೇಲೆ ಬೆರಳುದ್ದದ ಸೈನಿಕರನ್ನು ಸಾಲಾಗಿ ನಿಲ್ಲಿಸಿ, ದಾಳ ಉರುಳಿಸಿ, ಹಳೆಯ ಕಾಲದ ಕದನವೊಂದನ್ನು ಗೆಳೆಯರು ಸೇರಿ ಮತ್ತೆ ಆಡಿ ನೋಡುವ ಹವ್ಯಾಸವನ್ನು ವಾರ್‌ಗೇಮ್ ಎನ್ನುತ್ತಾರೆ. ಈ ಆಟಕ್ಕೆ ಇಳಿಯುವವರು ಸಾಮಾನ್ಯವಾಗಿ ಮೊದಲು ಗೊಂಬೆ ಕೊಳ್ಳುತ್ತಾರೆ, ಆಮೇಲೆ ಬಣ್ಣ, ಆಮೇಲೆ ನಿಯಮದ ಪುಸ್ತಕ. ಆಡುವುದು ಯಾವ ಕದನವನ್ನು, ಯಾಕೆ ಎಂಬ ಯೋಚನೆ ಬರುವ ಹೊತ್ತಿಗೆ ಅರ್ಧ ಬಣ್ಣ ಕಂಡ ಸೈನ್ಯ ಅಟ್ಟ ಸೇರಿರುತ್ತದೆ. ಈ ಕ್ರಮವನ್ನು ತಲೆಕೆಳಗು ಮಾಡಬೇಕು ಎಂಬುದೇ ಇಲ್ಲಿನ ವಾದ. ಆಟದ ಜೀವ ಇರುವುದು ಗೊಂಬೆಯಲ್ಲಲ್ಲ, ಆಡುವವರ ಕೈ ಮತ್ತು ಕಣ್ಣನ್ನು ಕಟ್ಟಿಹಾಕುವ ಕಟ್ಟುಪಾಡುಗಳಲ್ಲಿ. ಆಟದ ಹುಟ್ಟೇ ಇದಕ್ಕೆ ಸಾಕ್ಷಿ. ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಸ್ 1824ರಲ್ಲಿ ರೂಪಿಸಿದ ‘ಕ್ರೀಗ್ಸ್‌ಶ್ಪೀಲ್’ ಆಟದಲ್ಲಿ ಗೊಂಬೆಗಳೇ ಇರಲಿಲ್ಲ. 1:8000 ಅಳತೆಯ ನಕ್ಷೆ, ಕೆಂಪು ಮತ್ತು ನೀಲಿ ಬಿಲ್ಲೆಗಳು, ನಡುವೆ ಒಬ್ಬ ತೀರ್ಪುಗಾರ, ಇಷ್ಟೇ. ಎದುರಾಳಿಯ ಕಣ್ಣಿಗೆ ಬೀಳಬಹುದಾದ ತುಕಡಿಗಳು ಮಾತ್ರ ನಕ್ಷೆಯ ಮೇಲೆ ಬರುತ್ತಿದ್ದವು. ಕಾದಂಬರಿಕಾರ ಎಚ್.ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಬರೆದು ಆಟಿಕೆ ಸೈನಿಕರನ್ನು ನೆಲದ ಮೇಲೆ ಆಡಿಸಿದರು. ಅಮೆರಿಕದ ಜ್ಯಾಕ್ ಸ್ಕ್ರೂಬಿ 1957ರಲ್ಲಿ ಹೊರತಂದ ಪತ್ರಿಕೆ, ಇಂಗ್ಲೆಂಡಿನ ಡೊನಾಲ್ಡ್ ಫೆದರ್‌ಸ್ಟೋನ್ 1962ರಲ್ಲಿ ಬರೆದ ‘ವಾರ್ ಗೇಮ್ಸ್’ ಇದನ್ನು ದೊಡ್ಡವರ ಹವ್ಯಾಸವಾಗಿ ಬೆಳೆಸಿದವು.

ಹೆಜ್ಜೆ 1: ಒಂದು ಕದನ, ಒಂದು ಪ್ರಶ್ನೆ

ವಾಟರ್‌ಲೂ, ಪಾಣಿಪತ್‌ಗಳಂಥ ಮಹಾಯುದ್ಧಗಳನ್ನು ಸದ್ಯಕ್ಕೆ ಬದಿಗಿಡಿ. ಒಂದೇ ಒಂದು ನಿರ್ಧಾರದ ಮೇಲೆ ನಿಂತ ಚಿಕ್ಕ ಕದನ ಹುಡುಕಿ. ನಮಗೆ ಹತ್ತಿರದ ಉದಾಹರಣೆ 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಲ್ಲಿಲೂರಿನಲ್ಲಿ ನಡೆದದ್ದು. ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಬೇಲಿ ಸುಮಾರು 3,800 ಜನರ ದಂಡಿನೊಡನೆ ಕಾಂಚೀಪುರದತ್ತ ಹೊರಟಿದ್ದ. ಪೊಲ್ಲಿಲೂರಿನಿಂದ ಹದಿನೈದು ಕಿಲೋಮೀಟರ್ ಆಸುಪಾಸಿನ ಕಾಂಚೀಪುರದಲ್ಲಿ ಹೆಕ್ಟರ್ ಮನ್ರೋನ ದೊಡ್ಡ ದಂಡು ಬೀಡುಬಿಟ್ಟಿತ್ತು. (ಈತ ಮುಂದೆ ಮದ್ರಾಸಿನ ಗವರ್ನರ್ ಆದ ಥಾಮಸ್ ಮನ್ರೋ ಅಲ್ಲ.) 9ರ ರಾತ್ರಿ ಹೊರಟ ಬೇಲಿ ನಡುದಾರಿಯಲ್ಲಿ ತಂಗಿದ. ಬೆಳಗಾಗುವಷ್ಟರಲ್ಲಿ ಮೈಸೂರಿನ ಹೈದರ್ ಮತ್ತು ಅವನ ಮಗ ಟಿಪ್ಪು ಸುತ್ತುವರಿದರು. ಮದ್ದುಗುಂಡಿನ ಬಂಡಿಗಳು ಸಿಡಿದವು, ಮನ್ರೋ ಸಮಯಕ್ಕೆ ತಲುಪಲಿಲ್ಲ, ಬೇಲಿ ಸೆರೆಯಾದ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಗೋಡೆಯ ಮೇಲೆ ಈ ಕದನದ ಚಿತ್ರವೇ ಇದೆ: ಚಚ್ಚೌಕ ವ್ಯೂಹ, ನಡುವೆ ಪಲ್ಲಕ್ಕಿಯಲ್ಲಿ ಬೇಲಿ, ಸಿಡಿಯುತ್ತಿರುವ ಬಂಡಿ. ಗೆದ್ದವರು ಬರೆಸಿದ ಚಿತ್ರ ಎಂಬ ಎಚ್ಚರವಿಟ್ಟುಕೊಂಡು ಅದನ್ನು ಆಕರವಾಗಿ ಬಳಸಬಹುದು. ಈಗ ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆದಿಡಿ: ಆ ರಾತ್ರಿ ಬೇಲಿ ತಂಗದೆ ನಡೆದಿದ್ದರೆ ಏನಾಗುತ್ತಿತ್ತು? ಮುಂದೆ ಮಾಡುವ ಒಂದೊಂದು ನಿಯಮವೂ ಈ ಸಾಲಿಗೆ ಉತ್ತರ ಕೊಡುವಂತಿರಬೇಕು. ಕೊಡದ ನಿಯಮ ಎಷ್ಟೇ ಚೆಂದವಿದ್ದರೂ ಬೇಡ.

ಹೆಜ್ಜೆ 2: ಮೇಜನ್ನು ನೆಲವಾಗಿಸಿ

ಮೂರಡಿ ಚೌಕದ ಊಟದ ಮೇಜು ಸಾಕು. ನೀಲ್ ಥಾಮಸ್ ಅವರ 2014ರ ‘ಒನ್ ಅವರ್ ವಾರ್‌ಗೇಮ್ಸ್’ ಪುಸ್ತಕದ ಮೂವತ್ತು ಸನ್ನಿವೇಶಗಳೂ ಇಷ್ಟೇ ಜಾಗದಲ್ಲಿ, ಒಂದು ಪಕ್ಷಕ್ಕೆ ಹೆಚ್ಚೆಂದರೆ ಆರು ತುಕಡಿಗಳಲ್ಲಿ ಮುಗಿಯುತ್ತವೆ. ಹಸಿರು ಬಟ್ಟೆ ಹಾಸಿ, ಅದರಡಿ ಪುಸ್ತಕ ಇಟ್ಟರೆ ದಿಣ್ಣೆ. ನೀಲಿ ಕಾಗದ ಕತ್ತರಿಸಿದರೆ ಕೆರೆ, ಗೋಣಿದಾರ ಎಳೆದರೆ ದಾರಿ. ಆದರೆ ಅಳತೆಯಲ್ಲಿ ಮಾತ್ರ ಸಡಿಲ ಬಿಡಬೇಡಿ. ಒಂದು ಇಂಚಿಗೆ 50 ಮೀಟರ್ ಎಂದಿಟ್ಟುಕೊಂಡರೆ ಇಡೀ ಮೇಜು 1.8 ಕಿಲೋಮೀಟರ್ ಆಗುತ್ತದೆ. ಆ ಕಾಲದ ಬಂದೂಕು ನೂರು ಮೀಟರಿನಾಚೆ ಗುರಿ ಹಿಡಿಯುವುದು ಕಷ್ಟವಿದ್ದುದರಿಂದ ಅದಕ್ಕೆ 2 ಇಂಚು, ಸಣ್ಣ ತೋಪಿಗೆ 12 ಇಂಚು. ಒಂದು ಸರದಿ ಎಂದರೆ ಹದಿನೈದು ನಿಮಿಷ. ವ್ಯೂಹ ಕಟ್ಟಿದ ಕಾಲಾಳು ಅಷ್ಟರಲ್ಲಿ 4 ಇಂಚು, ಕುದುರೆ 10 ಇಂಚು ಸರಿಯಲಿ. ಇಷ್ಟು ಲೆಕ್ಕ ಹಾಕಿದ್ದಕ್ಕೆ ಆಡುವ ಮೊದಲೇ ಒಂದು ಫಲ ಸಿಗುತ್ತದೆ. ಮನ್ರೋ ಹದಿನೈದು ಕಿಲೋಮೀಟರನ್ನು ಗಂಟೆಗೆ ನಾಲ್ಕರಂತೆ ನಡೆದರೆ ಬರಲು ಹತ್ತಿರ ಹತ್ತಿರ ನಾಲ್ಕು ಗಂಟೆ, ಅಂದರೆ ಹದಿನೈದು ಸರದಿ ಬೇಕು. ಬೇಲಿ ರಾತ್ರಿ ನಡೆದ ಒಂದೊಂದು ಕಿಲೋಮೀಟರೂ ಬೆಳಿಗ್ಗೆ ಕಾಯಬೇಕಾದ ಒಂದೊಂದು ಸರದಿಯನ್ನು ಕಳೆಯುತ್ತದೆ. ಇಪ್ಪತ್ತು ಪುಟದ ಯುದ್ಧವರ್ಣನೆ ಓದಿದವರಿಗೂ ಹೊಳೆಯದೆ ಹೋಗಬಹುದಾದ ಈ ಸಂಬಂಧ ಅಳತೆಪಟ್ಟಿ ಹಿಡಿದವರಿಗೆ ತಾನಾಗಿ ಕಾಣುತ್ತದೆ.

ಹೆಜ್ಜೆ 3: ರಟ್ಟಿನ ಸೈನ್ಯ, ಒಂದು ಪುಟದ ನಿಯಮ

ಮೊದಲ ಸೈನ್ಯ ರಟ್ಟಿನದಾಗಿರಲಿ. ಬೇಲಿಗೆ ಆರು ತುಕಡಿ, ಒಂದೊಂದೂ ಆರುನೂರು ಚಿಲ್ಲರೆ ಜನ. ಹೈದರನಿಗೆ ಹತ್ತು: ನಾಲ್ಕು ಕುದುರೆ, ಮೂರು ಕಾಲಾಳು, ಎರಡು ತೋಪು, ಒಂದು ರಾಕೆಟ್. ಇದು ಸಮಬಲವಲ್ಲವಲ್ಲ ಎಂದರೆ, ನಿಜವಾದ ಯುದ್ಧವೂ ಸಮಬಲದ್ದಾಗಿರಲಿಲ್ಲ. ಸರಿದೂಗಿಸಬೇಕಾದದ್ದು ಸೈನ್ಯವನ್ನಲ್ಲ, ಗೆಲುವಿನ ಅಳತೆಯನ್ನು. ಮನ್ರೋ ಬರುವ ಸರದಿಯವರೆಗೆ ಬೇಲಿಯ ಮೂರು ತುಕಡಿ ಉಳಿದರೆ ಅವನೇ ಗೆದ್ದಂತೆ ಎಂದು ಗೊತ್ತುಮಾಡಿ. ಪ್ರತಿ ತುಕಡಿಗೆ 10 ಅಂಕ ಬಲ. ತೋಪು ಮತ್ತು ರಾಕೆಟ್ ದಾಳ ತೋರಿದಷ್ಟು, ಬಂದೂಕು ಅದಕ್ಕಿಂತ ಎರಡು ಕಡಿಮೆ ಅಂಕ ಕಳೆಯಲಿ. ಮರೆಯಲ್ಲಿದ್ದವರಿಗೆ ಪೆಟ್ಟು ಅರ್ಧ. ಎರಡು ತುಕಡಿ ತಾಗಿ ನಿಂತರೆ ಕೈಕೈ ಕಾದಾಟ: ಇಬ್ಬರೂ ದಾಳ ಹಾಕಿ, ಕಡಿಮೆ ಬಂದವನು ವ್ಯತ್ಯಾಸದಷ್ಟು ಅಂಕ ಕಳೆದುಕೊಂಡು ಹಿಂದೆ ಸರಿಯಲಿ. ಚಚ್ಚೌಕ ಕಟ್ಟಿದವರು ನಾಲ್ಕೂ ದಿಕ್ಕಿಗೆ ಗುಂಡು ಹಾರಿಸಬಹುದು, ಆದರೆ 2 ಇಂಚು ಮಾತ್ರ ಸರಿಯಬಹುದು. ಒತ್ತಾಗಿ ನಿಂತದ್ದರಿಂದ ತೋಪಿನ ಪೆಟ್ಟು ಇಮ್ಮಡಿ. ರಾಕೆಟ್ ಹಾರಿಸಿ 1 ಬಿದ್ದರೆ ಅದು ತಿರುಗಿ ತನ್ನವರ ಮೇಲೆಯೇ ಬೀಳಲಿ. ಎಲ್ಲಕ್ಕಿಂತ ಮುಖ್ಯವಾದದ್ದು ಆಜ್ಞೆಯ ನಿಯಮ. ಸರದಿಯ ಆರಂಭದಲ್ಲಿ ಒಂದು ದಾಳ ಹಾಕಿ, ಬಂದಷ್ಟು ತುಕಡಿಗಳನ್ನು ಮಾತ್ರ ಸರಿಸಬೇಕು. ಬರೀ ಹನ್ನೆರಡು ಬಿಲ್ಲೆಗಳ ಸೈನ್ಯದಿಂದ ಆಡುವ, 1990ರಲ್ಲಿ ಬಂದ ‘ಡಿಬಿಎ’ ಆಟದ ತಿರುಳೇ ಇದು. ದಂಡನಾಯಕನ ಮಾತು ಎಲ್ಲರಿಗೂ ಒಟ್ಟಿಗೆ ತಲುಪುವುದಿಲ್ಲ ಎಂಬ ಸತ್ಯವನ್ನು ಒಂದು ದಾಳ ಹೇಳಿಬಿಡುತ್ತದೆ.

ದಾಳ ಬಂದ ಮೇಲೆ ಅದು ಅದೃಷ್ಟದಾಟವಾಯಿತು, ಚರಿತ್ರೆ ಎಲ್ಲಿ ಉಳಿಯಿತು ಎಂಬ ಆಕ್ಷೇಪ ಇಲ್ಲೇ ಏಳುತ್ತದೆ. ಚದುರಂಗದಲ್ಲಿ ಅದೃಷ್ಟಕ್ಕೆ ಜಾಗವಿಲ್ಲ. ಚೌಕಾಬಾರದಲ್ಲಿ ಕವಡೆ ಬೀಳುವುದು ನಮ್ಮ ಕೈಯಲ್ಲಿಲ್ಲ, ಆದರೆ ಬಿದ್ದದ್ದಕ್ಕೆ ಯಾವ ಕಾಯಿ ನಡೆಸಬೇಕೆಂಬುದು ನಮ್ಮದೇ. ಯುದ್ಧ ಎರಡನೆಯದರ ಜಾತಿಗೆ ಸೇರಿದ್ದು. ಮದ್ದುಗುಂಡಿನ ಬಂಡಿ ಸಿಡಿದದ್ದನ್ನೇ ನೋಡಿ. ತೋಪು ಅಥವಾ ರಾಕೆಟ್‌ಗೆ 6 ಬಿದ್ದಾಗ ಇನ್ನೊಮ್ಮೆ ದಾಳ ಹಾಕಿ, ಮತ್ತೆ 6 ಬಂದರೆ ಬಂಡಿ ಸಿಡಿಯಿತೆನ್ನೋಣ. ಒಂದು ಹೊಡೆತಕ್ಕೆ ಅದರ ಸಾಧ್ಯತೆ 36ರಲ್ಲಿ ಒಂದು ಮಾತ್ರ. ಆದರೆ ಹೈದರನ ಎರಡು ತೋಪು, ಒಂದು ರಾಕೆಟ್ ಹದಿನೈದು ಸರದಿ ಹಾರಿಸುತ್ತಲೇ ಇದ್ದರೆ ಆ ಸಾಧ್ಯತೆ ನೂರಕ್ಕೆ ಎಪ್ಪತ್ತನ್ನು ದಾಟುತ್ತದೆ. ಬಂಡಿ ಯಾವ ಗಳಿಗೆಯಲ್ಲಿ ಸಿಡಿಯುತ್ತದೆ ಎಂಬುದು ಅದೃಷ್ಟ. ಅಷ್ಟು ಹೊತ್ತು ತೋಪುಗಳೆದುರು ನಿಲ್ಲುವುದು ನಿರ್ಧಾರ. ಎರಡನ್ನೂ ಬಿಡಿಸಿ ತೋರಿಸುವುದೇ ದಾಳದ ಕೆಲಸ.

ಹೆಜ್ಜೆ 4: ತೀರ್ಪುಗಾರ ಮತ್ತು ಚೀಟಿ

ನಾಲ್ವರು ಬೇಕು: ಹೈದರ್, ಬೇಲಿ, ಮನ್ರೋ ಮತ್ತು ತೀರ್ಪುಗಾರ. ಮನ್ರೋನನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ. ಅವನಿಗೆ ಮೇಜು ಕಾಣಬಾರದು, ಬೇಲಿಯೊಡನೆ ಮಾತಿಲ್ಲ, ಚೀಟಿ ಮಾತ್ರ. ಪ್ರತಿ ಚೀಟಿಯನ್ನೂ ತೀರ್ಪುಗಾರ ಎರಡು ಸರದಿ ತಡೆದು ಮುಟ್ಟಿಸಲಿ. ದಾಳದಲ್ಲಿ 4 ಅಥವಾ ಹೆಚ್ಚು ಬಿದ್ದರೆ ದಾರಿಯಲ್ಲಿ ಹೈದರನ ಬೇಹಿನವರು ಅದನ್ನು ಓದಿಕೊಳ್ಳಲಿ. ಆಡುವವರಿಂದ ವಿಷಯ ಮುಚ್ಚಿಟ್ಟಷ್ಟೂ ಆಟ ಸತ್ಯಕ್ಕೆ ಹತ್ತಿರವಾಗುತ್ತದೆ ಎಂಬುದಕ್ಕೆ ಎರಡನೇ ಮಹಾಯುದ್ಧದ ಪುರಾವೆಯಿದೆ. 1942ರಲ್ಲಿ ಲಿವರ್‌ಪೂಲ್‌ನಲ್ಲಿ ನೌಕಾದಳದ ಗಿಲ್ಬರ್ಟ್ ರಾಬರ್ಟ್ಸ್ ಮತ್ತು ಅವರ ಜೊತೆಗಿದ್ದ ಯುವತಿಯರು ನೆಲದ ಮೇಲೆ ಸಾಗರ ಬರೆದು ಆಡುತ್ತಿದ್ದರು. ಬೆಂಗಾವಲು ಹಡಗಿನ ಪಾತ್ರ ವಹಿಸಿದವರಿಗೆ ಪರದೆಯ ಕಿಂಡಿಯಲ್ಲಿ ಕಂಡಷ್ಟೇ ಕಾಣುತ್ತಿತ್ತು. ಜರ್ಮನ್ ಜಲಾಂತರ್ಗಾಮಿಗಳು ಹೊರಗಿನಿಂದಲ್ಲ, ಹಡಗುಗಳ ಸಾಲಿನೊಳಗೇ ನುಗ್ಗಿ ಹೊಡೆಯುತ್ತಿವೆ ಎಂಬುದನ್ನು ಕಂಡುಹಿಡಿದದ್ದು ಆ ಆಟ. ತೀರ್ಪನ್ನು ತಿರುಚಿದರೆ ಏನಾಗುತ್ತದೆ ಎಂಬುದಕ್ಕೂ ಪುರಾವೆಯಿದೆ. ಅದೇ ವರ್ಷ ಜಪಾನಿನ ನೌಕಾಪಡೆ ಮಿಡ್‌ವೇ ದಾಳಿಗೆ ಮುನ್ನ ಆಡಿದಾಗ ಅದರ ಎರಡು ವಿಮಾನವಾಹಕ ಹಡಗುಗಳು ಮುಳುಗಿದವು. ತೀರ್ಪು ಕೊಡುತ್ತಿದ್ದ ಅಡ್ಮಿರಲ್ ಉಗಾಕಿ ಪೆಟ್ಟುಗಳ ಲೆಕ್ಕವನ್ನೇ ತಗ್ಗಿಸಿ ಒಂದನ್ನು ಮತ್ತೆ ತೇಲಿಸಿದ. ನಿಜವಾದ ಕದನದಲ್ಲಿ ಎರಡೂ ಮುಳುಗಿದವು, ಅವುಗಳ ಜೊತೆಗೆ ಇನ್ನೆರಡು. ಆದ್ದರಿಂದ ತೀರ್ಪುಗಾರನಿಗೆ ಒಂದೇ ಕಟ್ಟಪ್ಪಣೆ: ನಿಯಮವನ್ನು ಆಟದ ಮೊದಲು ಅಥವಾ ನಂತರ ತಿದ್ದಬಹುದು, ಬೇಡದ ಫಲ ಬಂತೆಂದು ನಡುವೆ ತಿದ್ದುವಂತಿಲ್ಲ.

ಹೆಜ್ಜೆ 5: ಐದು ಸಲ ಆಡಿ

ಒಂದು ಆಟ ಏನನ್ನೂ ಸಾಬೀತುಪಡಿಸುವುದಿಲ್ಲ. ಕನಿಷ್ಠ ಐದು ಸಲ ಆಡಿ, ಪಾತ್ರ ಬದಲಿಸಿ, ಫಲ ಬರೆದಿಡಿ. ರಾತ್ರಿ ತಂಗಿದ ಬೇಲಿ ಐದರಲ್ಲಿ ನಾಲ್ಕು ಸಲ ಗೆಲ್ಲುತ್ತಿದ್ದರೆ ತಪ್ಪು ನಿಮ್ಮ ನಿಯಮದಲ್ಲಿದೆ. ಐದಕ್ಕೆ ಐದೂ ಸೋತರೂ ಅನುಮಾನಿಸಿ, ಆಯ್ಕೆಗೆ ಜಾಗವಿಲ್ಲದಂತೆ ಮಾಡಿದ್ದೀರಿ. ಕೊನೆ ಗೊತ್ತಿರುವ ಕದನದಲ್ಲಿ ಸ್ವಾರಸ್ಯವೇನು ಎನ್ನುವವರಿಗೆ ಹಳೆಯ ಉಪಾಯವೊಂದಿದೆ. ಊರು ಮತ್ತು ನಾಯಕರ ಹೆಸರು ಬದಲಿಸಿ ಸನ್ನಿವೇಶ ಕೊಡಿ, ನಿಜವಾದ ಹೆಸರು ಆಟ ಮುಗಿದ ಮೇಲೆ ತಿಳಿಯಲಿ. ಇದೆಲ್ಲ ಕಂಪ್ಯೂಟರಿನಲ್ಲಿ ಇನ್ನೂ ಚೆನ್ನಾಗಿ ಆಗುವುದಿಲ್ಲವೇ? ವೇಗವಾಗಿ ಆಗುತ್ತದೆ, ನಿಜ. ಆದರೆ ಅಲ್ಲಿ ನಿಯಮ ಯಂತ್ರದ ಹೊಟ್ಟೆಯಲ್ಲಿರುತ್ತದೆ. ಇಲ್ಲಿ ಮೇಜಿನ ಮೇಲೆ ಒಂದು ಪುಟದಲ್ಲಿ ಬಿದ್ದಿರುತ್ತದೆ, ಯಾರು ಬೇಕಾದರೂ ಪ್ರಶ್ನಿಸಬಹುದು. ಕುದುರೆಗೆ ಹತ್ತು ಇಂಚು ಯಾಕೆ ಎಂಬ ಜಗಳವೇ ಚರಿತ್ರೆಯ ಪಾಠ.

ಹೆಜ್ಜೆ 6: ಈಗ ಗೊಂಬೆ

ಐದು ಆಟ ಮುಗಿದ ಮೇಲೂ ಗೆಳೆಯರು ಬರುತ್ತಿದ್ದರೆ ಗೊಂಬೆ ಕೊಳ್ಳಬಹುದು. ಎಷ್ಟು ಬೇಕೆಂದು ಈಗ ಗೊತ್ತಿರುತ್ತದೆ. 28 ಮಿ.ಮೀ. ಗೊಂಬೆಗಳಲ್ಲಿ ಮುಖವೂ ಕಾಣುತ್ತದೆ, ಖರ್ಚೂ ಹೆಚ್ಚು. 15 ಮಿ.ಮೀ. ಊಟದ ಮೇಜಿಗೆ ಹೊಂದುವ ಅಳತೆ. 6 ಮಿ.ಮೀ.ಯಲ್ಲಿ ದಂಡು ದಂಡಿನಂತೆಯೇ ಕಾಣುತ್ತದೆ. ಕೈ ಬಿಗಿಯಿದ್ದವರಿಗೆ 1:72 ಅಳತೆಯ ಪ್ಲಾಸ್ಟಿಕ್ ಗೊಂಬೆಗಳಿವೆ. ಸೋಪಿನ ನೀರಲ್ಲಿ ತೊಳೆದು ಒಣಗಿಸಿ, ಪ್ರೈಮರ್ ಹೊಡೆದು, ಮೂರು ನಾಲ್ಕು ಮುಖ್ಯ ಬಣ್ಣ ಹಚ್ಚಿ, ತೆಳು ಕಂದು ಬಣ್ಣವನ್ನು ಮಡಿಕೆಗಳಿಗೆ ಇಳಿಬಿಟ್ಟು, ಕೊನೆಗೆ ವಾರ್ನಿಷ್ ಕೊಡಿ. ಗೊಂಬೆಗಳನ್ನು ರಟ್ಟಿನ ತುಂಡಿಗೆ ಅಂಟಿಸಿ, ಸುತ್ತ ಫೆವಿಕಾಲ್ ಸವರಿ ಮರಳು ಉದುರಿಸಿ. ಹಳೆಯ ಲೋಹದ ಗೊಂಬೆಗಳಲ್ಲಿ ಸೀಸ ಇರಬಹುದು. ಅವನ್ನು ಉಜ್ಜಿ ಪುಡಿ ಎಬ್ಬಿಸಬೇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ. ಬಣ್ಣಕ್ಕೂ ಚರಿತ್ರೆಯ ಲಗಾಮು ಇರಲಿ. ಮೈಸೂರು ಸೈನಿಕ ಎಂದೊಡನೆ ಕಣ್ಣಿಗೆ ಬರುವ ಹುಲಿಪಟ್ಟೆಯ ಅಂಗಿ ಟಿಪ್ಪುವಿನ ಆಳ್ವಿಕೆಗೆ ಸೇರಿದ್ದು, 1780ರಲ್ಲಿ ಆಳುತ್ತಿದ್ದವನು ಹೈದರ್.

ಉಳಿದದ್ದು ಎಲ್ಲಕ್ಕಿಂತ ಭಾರವಾದ ಆಕ್ಷೇಪ: ಜನ ಸತ್ತದ್ದನ್ನು ಆಟ ಮಾಡಬಹುದೇ? ಗೊಂಬೆಯ ಚೆಂದಕ್ಕೆ, ಗೆಲುವಿನ ಕೇಕೆಗೆ ಆಡುವುದಾದರೆ ಈ ಆಕ್ಷೇಪಕ್ಕೆ ಉತ್ತರವಿಲ್ಲ. ಪ್ರಶ್ನೆಯನ್ನು ಮುಂದಿಟ್ಟು ಆಡಿದರೆ ಇದೆ. ವೆಲ್ಸ್ ಕೂಡ ತಮ್ಮ ಪುಸ್ತಕದ ಕೊನೆಗೆ ಬರುವುದು ಅಲ್ಲಿಗೇ: ಆಟದ ಯುದ್ಧದಲ್ಲೇ ಇಷ್ಟು ಎಡವಟ್ಟಾಗುವುದಾದರೆ ನಿಜವಾದ ಯುದ್ಧ ಎಂಥ ಅವಿವೇಕವಾಗಿರಬೇಕು ಎಂಬುದು ಅವರ ತಾತ್ಪರ್ಯ. ಅದು ಅಚ್ಚಾದ ಮರುವರ್ಷವೇ ಮೊದಲ ಮಹಾಯುದ್ಧ ಶುರುವಾಯಿತು. ಹಾಗಾಗಿ ಆಟ ಮುಗಿದೊಡನೆ ಬಿಲ್ಲೆಗಳನ್ನು ಎತ್ತಿಡಬೇಡಿ. ಒಂದು ಅಂಕಕ್ಕೆ ಅರವತ್ತು ಜನ ಎಂದು ಎರಡೂ ಕಡೆಯ ನಷ್ಟವನ್ನು ಕೂಡಿ ಬರೆಯಿರಿ. ಆಮೇಲೆ ಯಾವ ಸರದಿಯಲ್ಲಿ ಯಾರಿಗೆ ಏನು ಗೊತ್ತಿತ್ತು ಎಂದು ಒಬ್ಬೊಬ್ಬರೂ ಹೇಳಲಿ. ಗೆದ್ದವನಿಂದ ಶುರು ಮಾಡಬೇಡಿ. ಪಕ್ಕದ ಕೋಣೆಯಲ್ಲಿ, ತಡವಾಗಿ ಬಂದ ಚೀಟಿಗಳನ್ನು ಹಿಡಿದು, ಹೊರಡಲೋ ಬೇಡವೋ ಎಂದು ಕೂತಿದ್ದವನನ್ನು ಮೊದಲು ಮಾತಾಡಿಸಿ.