ಕೋಣೆಯೊಳಗಿನ ಶಬ್ದ ಮತ್ತು ಗಣಕಯಂತ್ರ

ಸೋಮನೂರು, ಪಲ್ಲಡಂ ಕಡೆಯ ಯಂತ್ರಮಗ್ಗದ ಶೆಡ್ಡಿನೊಳಗೆ ಇಬ್ಬರು ಮಾತನಾಡಬೇಕಾದರೆ ಒಬ್ಬರ ಬಾಯಿ ಇನ್ನೊಬ್ಬರ ಕಿವಿಯ ಬಳಿಗೇ ಬರಬೇಕು. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಕನ್ನಡ ಮಾತನಾಡುವ ದೇವಾಂಗ ಕುಟುಂಬಗಳು ತಲೆಮಾರುಗಳಿಂದ ನೇಯ್ಗೆಯನ್ನು ನಂಬಿ ಬಾಳಿವೆ. ಸಿರುಮುಗೈಯ ಕೈಮಗ್ಗದ ಸದ್ದು ಕಿವಿ ತಾಳುವಂಥದು. ಯಂತ್ರಮಗ್ಗದ ಲಾಳಿಯ ಹೊಡೆತ ಹಾಗಲ್ಲ. ಅಲ್ಲಿ ಶಬ್ದ 90 ಡೆಸಿಬೆಲ್ ಮೀರುವುದು ಸಾಮಾನ್ಯ. ನಮ್ಮ ದೇಶದ ಕಾರ್ಖಾನೆ ನಿಯಮಗಳಂತೆ 90 ಡೆಸಿಬೆಲ್ ಶಬ್ದದಲ್ಲಿ ದಿನಕ್ಕೆ 8 ಗಂಟೆ, 95ರಲ್ಲಿ 4 ಗಂಟೆ, 100ರಲ್ಲಿ 2 ಗಂಟೆ ಮಾತ್ರ ಇರಬಹುದು. ದೀರ್ಘಕಾಲದ ಗದ್ದಲದಿಂದ ಕೆಟ್ಟ ಕಿವಿ ಮತ್ತೆ ಮೊದಲಿನಂತಾಗುವುದಿಲ್ಲ. ಆದುದರಿಂದ ಈ ಪಾಠವನ್ನು ನಾವು ಪರೀಕ್ಷೆಗಾಗಿ ಮಾತ್ರ ಓದುತ್ತಿಲ್ಲ.

ಶಬ್ದವು ಗೋಡೆಗೆ ಬಡಿದಾಗ ಒಂದು ಪಾಲು ಹೀರಲ್ಪಟ್ಟು ಉಳಿದದ್ದು ಹಿಂದಿರುಗುತ್ತದೆ. ಹೀಗೆ ಸುತ್ತಿ ಸುತ್ತಿ ಉಳಿಯುವ ಶಬ್ದವೇ ಅನುರಣನ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಮಂದಿರದಲ್ಲಿ ಯಾರ ಮಾತೂ ತಿಳಿಯುತ್ತಿರಲಿಲ್ಲ. ವಾಲೇಸ್ ಸಬೀನ್ ಎಂಬ ತರುಣ ಅಧ್ಯಾಪಕರು ರಾತ್ರಿಯ ವೇಳೆ ಇನ್ನೊಂದು ಸಭಾಂಗಣದ ಮೆತ್ತೆಗಳನ್ನು ತಂದು ಹರಡಿ, ಆರ್ಗನ್ ಕೊಳವೆಯ ಸ್ವರ ಎಷ್ಟು ಹೊತ್ತು ಉಳಿಯುವುದೆಂದು ಅಳೆದರು. ಅವರಿಗೆ ಸಿಕ್ಕ ಸೂತ್ರ ಬಹಳ ಸರಳ: ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ ಒಟ್ಟು ಹೀರಿಕೆಯಿಂದ ಭಾಗಿಸಿದರೆ, ಶಬ್ದಶಕ್ತಿ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಯುವ ಕಾಲ ಸೆಕೆಂಡುಗಳಲ್ಲಿ ಬರುತ್ತದೆ.

ನಮ್ಮ ತರಗತಿಯಂತಹ ಒಂದು ಕೋಣೆಯನ್ನೇ ತೆಗೆದುಕೊಳ್ಳೋಣ. ಉದ್ದ 8, ಅಗಲ 6, ಎತ್ತರ 4 ಮೀಟರ್. ಘನ ಅಳತೆ 192. ಗೋಡೆ, ನೆಲ, ಛಾವಣಿ ಸೇರಿ 208 ಚದರ ಮೀಟರ್. ಗಾರೆಯ ಮೈ ನೂರಕ್ಕೆ 3 ಪಾಲು ಹೀರುವುದೆಂದರೆ ಒಟ್ಟು ಹೀರಿಕೆ 6.24, ಕಾಲ ಸುಮಾರು 5 ಸೆಕೆಂಡು. 40 ಮಂದಿ ವಿದ್ಯಾರ್ಥಿಗಳು ಕುಳಿತರೆ, ತಲೆಗೆ 0.4ರಂತೆ 16 ಸೇರಿ, ಕಾಲ 1.4 ಸೆಕೆಂಡಿಗೆ ಇಳಿಯುತ್ತದೆ. ತೆರೆದ ಕಿಟಕಿಯಂತೂ ತನ್ನ ಮೇಲೆ ಬಿದ್ದ ಶಬ್ದವನ್ನೆಲ್ಲ ಹೊರಗೆ ಬಿಡುತ್ತದೆ. (ಪಾಠ ಕೇಳದೆ ಕುಳಿತವನೂ ಶಬ್ದ ಹೀರುತ್ತಾನೆ ಎಂಬುದು ಗಮನಾರ್ಹ.)

ಈ ಸೂತ್ರ ಇಡೀ ಕೋಣೆಗೆ ಒಂದೇ ಉತ್ತರ ಕೊಡುತ್ತದೆ. ಯಾವ ಮೂಲೆಯಲ್ಲಿ ಏನು ಕೇಳುತ್ತದೆಂದು ಹೇಳದು. ಬಿಜಾಪುರದ ಗೋಳಗುಮ್ಮಟದಲ್ಲಿ ಪಿಸುಮಾತು ಎದುರು ಬದಿಗೆ ತಲಪುವುದನ್ನು ಅದರಿಂದ ವಿವರಿಸಲಾಗದು. ಅಲ್ಲಿಗೆ ಗಣಕಯಂತ್ರ ಬೇಕಾಯಿತು. 1968ರಲ್ಲಿ ನಾರ್ವೆ ದೇಶದ ಕ್ರೋಕ್‌ಸ್ಟಾಡ್, ಸ್ಟ್ರೋಮ್, ಸೋರ್ಸ್‌ಡಾಲ್ ಎಂಬವರು ಶಬ್ದವನ್ನು ಬೆಳಕಿನಂತೆ ನೇರ ಕಿರಣಗಳೆಂದು ಭಾವಿಸಿ ಲೆಕ್ಕ ಮಾಡುವ ವಿಧಾನವನ್ನು ಪ್ರಕಟಿಸಿದರು. ಮೂಲದಿಂದ ಸಾವಿರಾರು ಕಿರಣಗಳನ್ನು ಹೊರಡಿಸುವುದು, ಪ್ರತಿ ಬಡಿತಕ್ಕೂ ಹೀರಿದ ಪಾಲನ್ನು ಕಳೆಯುವುದು, ಕೇಳುಗನ ಬಳಿ ಯಾವುದು ಎಷ್ಟು ತಡವಾಗಿ, ಎಷ್ಟು ಬಲದಿಂದ ಬಂತೆಂದು ಬರೆದಿಡುವುದು. ಕೆಲಸ ಸುಲಭ, ಆದರೆ ಕೈಲೆಕ್ಕದಲ್ಲಿ ಒಂದು ಜನ್ಮ ಸಾಲದು.

ಇದೇ ವಿಧಾನವನ್ನು ಮಗ್ಗದ ಶೆಡ್ಡಿಗೆ ಹಚ್ಚಿದರೆ ಒಂದು ಕಹಿ ಸತ್ಯ ಹೊರಬೀಳುತ್ತದೆ. ಛಾವಣಿಗೆ ಹೊದಿಕೆ ಹಾಕಿ ಒಟ್ಟು ಹೀರಿಕೆಯನ್ನು ಎರಡು ಪಟ್ಟು ಮಾಡಿದರೂ ಪ್ರತಿಫಲಿತ ಶಬ್ದ 3 ಡೆಸಿಬೆಲ್ ಮಾತ್ರ ಇಳಿಯುತ್ತದೆ. ಮಗ್ಗದಿಂದ ನೇರವಾಗಿ ಬರುವ ಶಬ್ದ ಸ್ವಲ್ಪವೂ ಇಳಿಯದು. ದೂರದಲ್ಲಿ ಬಟ್ಟೆ ಮಡಿಸುವವರಿಗೆ ಹೊದಿಕೆಯಿಂದ ಲಾಭ ಹೆಚ್ಚು, ಮಗ್ಗದ ಪಕ್ಕದಲ್ಲೇ ನಿಂತವರಿಗೆ ಕಡಿಮೆ. ಅವರಿಗೆ ಕಿವಿಬಿರಡೆಯೇ ಬೇಕು. ತುರುಕಿದ ಬರಿಯ ಹತ್ತಿಯಿಂದ ಆಗುವ ಉಪಯೋಗ ಅಲ್ಪ.

ಮನೆಗೆ ಅಂಟಿಕೊಂಡೇ ಮಗ್ಗವಿದ್ದು, ಪಕ್ಕದ ಕೋಣೆಯಲ್ಲಿ ಮಕ್ಕಳು ಓದುವುದಾದರೆ ಪೋಷಕರು ಇನ್ನೊಂದನ್ನು ಗಮನಿಸಬೇಕು. ನಡುವೆ ಬಟ್ಟೆಯ ಪರದೆ ಕಟ್ಟಿದರೆ ಶಬ್ದ ನಿಲ್ಲದು. ತಡೆಯುವುದು ಭಾರವಾದ ಗೋಡೆ. ಆ ಗೋಡೆಯಲ್ಲೂ ನೂರಕ್ಕೆ ಒಂದು ಪಾಲು ಸಂದು ಇದ್ದರೆ, ಗೋಡೆ ಎಷ್ಟೇ ದಪ್ಪವಿರಲಿ, 20 ಡೆಸಿಬೆಲ್‌ಗಿಂತ ಹೆಚ್ಚು ತಡೆಯಲಾರದು. ಮೊದಲು ಬಾಗಿಲ ಕೆಳಗಿನ ಸಂದನ್ನು ಮುಚ್ಚಬೇಕು.