ಕಿವಿನೋವು ಮತ್ತು ಮಕ್ಕಳ ವಿದ್ಯೆ

ವಿದ್ವಾಂಸನಿಗೆ ಪೂರ್ವಿಕರು ಇತ್ತ ಹೆಸರುಗಳಲ್ಲಿ ‘ಬಹುಶ್ರುತ’ ಎಂಬುದೊಂದು. ಬಹಳವಾಗಿ ಕೇಳಿ ತಿಳಿದವನು ಎಂದು ಅದರ ಅರ್ಥ. ವಿದ್ಯೆಗೆ ಕಿವಿಯೇ ಹೆಬ್ಬಾಗಿಲು. ಆ ಬಾಗಿಲನ್ನು ಎಳವೆಯಲ್ಲಿಯೇ ಮುಚ್ಚಬಲ್ಲ ವ್ಯಾಧಿಗಳಲ್ಲಿ ಮಧ್ಯಕರ್ಣದ ಸೋಂಕು ಮುಖ್ಯವಾದುದು. ಸುಶ್ರುತಸಂಹಿತೆಯ ಉತ್ತರತಂತ್ರವು 28 ಕರ್ಣರೋಗಗಳನ್ನು ಎಣಿಸುವಾಗ ಕರ್ಣಶೂಲವನ್ನೇ, ಎಂದರೆ ಕಿವಿನೋವನ್ನೇ, ಮೊದಲಿಗೆ ಹೇಳಿದೆ.

ಹೊರಗಿವಿಯ ಕೊನೆಯಲ್ಲಿ ತಮಟೆಯ ಚರ್ಮದಂತೆ ಬಿಗಿದ ಕರ್ಣಪಟಲವಿದೆ. ಅದರಾಚೆಯದೇ ಮಧ್ಯಕರ್ಣ, ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಕಿರುಮೂಳೆಗಳು ಅಲ್ಲಿವೆ. ಅಲ್ಲಿಂದ ಮೂಗಿನ ಹಿಂಭಾಗಕ್ಕೆ ಯೂಸ್ಟೇಶಿಯನ್ ನಾಳವು ಇಳಿಯುತ್ತದೆ. ಶಿಶುಗಳಲ್ಲಿ ಈ ನಾಳವು ಗಿಡ್ಡವಾಗಿಯೂ ಹೆಚ್ಚು ಅಡ್ಡವಾಗಿಯೂ ಇರುವುದು. ನೆಗಡಿಯಾದಾಗ ನಾಳವು ಊದಿ ಮುಚ್ಚಿಕೊಂಡರೆ ಒಳಗೆ ದ್ರವವು ನಿಂತು, ರೋಗಾಣುಗಳು ಬೆಳೆದು ಕೀವಾಗುತ್ತದೆ. ಕೀವಿನ ಒತ್ತಡವೇ ನೋವಿಗೆ ಕಾರಣ.

ಮಾತು ಬಾರದ ಕೂಸು ಕಿವಿಯನ್ನು ಎಳೆದುಕೊಳ್ಳುತ್ತದೆ, ಮಲಗಿಸಿದರೆ ಅಳುತ್ತದೆ, ಜ್ವರವೂ ಬರುವುದುಂಟು. ಪಟಲವು ಹರಿದು ಕೀವು ಸೋರಿದೊಡನೆ ನೋವು ಇಳಿಯುತ್ತದೆ. ವಾಸಿಯಾಯಿತೆಂದು ಮನೆಯವರು ಸುಮ್ಮನಾಗುತ್ತಾರೆ. ಅಪಾಯವಿರುವುದು ಅಲ್ಲಿಯೇ.

ಚಳ್ಳಕೆರೆಯು ಶೇಂಗಾ ಎಣ್ಣೆಯ ಗಿರಣಿಗಳಿಗೆ ಹೆಸರಾದ ಊರು. ಎಣ್ಣೆಯು ಅಡಿಗೆಗೂ ದೀಪಕ್ಕೂ ಸಲ್ಲುವುದು. ನೋಯುವ ಕಿವಿಗೆ ಸಲ್ಲದು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಕಿವಿಗೆ ಬಿಡುವ ರೂಢಿ ಕನ್ನಡನಾಡಿನಲ್ಲಿ ಹಳೆಯದು. ಪಟಲವು ಗಟ್ಟಿಯಾಗಿದ್ದರೆ ಆ ಎಣ್ಣೆ ಮಧ್ಯಕರ್ಣವನ್ನು ಮುಟ್ಟುವುದೇ ಇಲ್ಲ. ಹರಿದಿದ್ದರೆ ಹೊರಗಿನ ಕೊಳೆಯನ್ನು ಒಳಗೊಯ್ಯುವುದು. ಪಿನ್ನು, ಬೆಂಕಿಕಡ್ಡಿಗಳಿಂದ ಕಿವಿಯನ್ನು ಕೆದಕುವುದೂ ಸಲ್ಲದು. ಸೋರುವ ಕಿವಿಗೆ ಸ್ನಾನದ ನೀರು ಹೋಗಬಾರದು.

ಮೊಳಕಾಲ್ಮೂರಿನ ನೇಕಾರನು ರೇಷ್ಮೆಯ ಒಂದೆಳೆ ಕಡಿದರೂ ಮಗ್ಗವನ್ನು ನಿಲ್ಲಿಸಿ ಆಗಲೇ ಸೇರಿಸುತ್ತಾನೆ. ಹರಿದ ಕರ್ಣಪಟಲಕ್ಕೂ ಅದೇ ಎಚ್ಚರ ಬೇಕು. ಸಕಾಲದಲ್ಲಿ ವೈದ್ಯರ ಆರೈಕೆ ದೊರೆತರೆ ಅದು ಬಹುಮಟ್ಟಿಗೆ ತಾನೇ ಕೂಡಿಕೊಳ್ಳುವುದು. ಎರಡು ವಾರ ಕಳೆದರೂ ಸೋರುವುದು ನಿಲ್ಲದಿದ್ದರೆ ರೋಗವು ಬೇರೂರಿದಂತೆ. ಕಿವಿಯ ಹಿಂದೆ ಊತ ಕಂಡರೆ ಒಂದು ದಿನವೂ ತಡೆಯಲಾಗದು. ಸೋಂಕು ಮೂಳೆಗೆ, ಅಲ್ಲಿಂದ ಮಿದುಳಿಗೆ ಏರಬಹುದು.

ನೋವು ಹೋದ ಬಳಿಕವೂ ದ್ರವವು ವಾರಗಟ್ಟಲೆ ಒಳಗೆ ನಿಂತು ಕೇಳುವಿಕೆಯನ್ನು ಮಂದಗೊಳಿಸುವುದುಂಟು. ಹಿಂದಿನ ಸಾಲಿನ ಹುಡುಗನು ಉಕ್ತಲೇಖನದಲ್ಲಿ ‘ತಾಳ’ವನ್ನು ‘ದಾಳ’ವೆಂದು ಬರೆದರೆ, ಕರೆದಾಗ ತಿರುಗದಿದ್ದರೆ, ದಡ್ಡನೆಂದು ಗದರುವ ಮುನ್ನ ಗುರುಗಳು ಅವನ ಕಿವಿಯನ್ನು ಕುರಿತು ವಿಚಾರಿಸಬೇಕು, ಮುಂದಿನ ಸಾಲಿನಲ್ಲಿ ಕೂರಿಸಬೇಕು, ಪೋಷಕರಿಗೆ ತಿಳಿಸಿ ತಾಲ್ಲೂಕು ಆಸ್ಪತ್ರೆಗೆ ಕಳುಹಿಸಬೇಕು. ಹೆಚ್ಚಿನ ಪರೀಕ್ಷೆಗೆ ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.

ಕೇಳಿಸದ ಪಾಠವನ್ನು ಕಲಿಯಲಿಲ್ಲವೆಂದು ಮಗುವನ್ನು ದಂಡಿಸುವುದು ನ್ಯಾಯವಲ್ಲ.