ಮ್ಯಾಗಜೀನಿನಲ್ಲಿ ತುಂಬಿಟ್ಟ ತೋಟಾಗಳು: ಪರವಾನಗಿ ಬಂದೂಕುಳ್ಳ ಜಮೀನುದಾರರ ತಿಳಿವಳಿಕೆಗಾಗಿ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗಳ ಕೆಲವು ಜಮೀನುದಾರರ ಮನೆಗಳಲ್ಲಿ ಬೆಳೆ ಕಾಯುವುದಕ್ಕಾಗಲಿ ಆತ್ಮರಕ್ಷಣೆಗಾಗಲಿ ಪರವಾನಗಿ ಪಡೆದ ಬಂದೂಕುಗಳಿರುತ್ತವೆ. ಬಾಯಿಂದ ಮದ್ದು ಜಡಿಯುವ ಕೇಪಿನ ಕೋವಿ, 12 ಬೋರಿನ ಒಂಟಿನಳಿಗೆ ಅಥವಾ ಜೋಡಿನಳಿಗೆ ಬಂದೂಕು, ಅಪರೂಪವಾಗಿ ಐದು ತೋಟಾ ಹಿಡಿಯುವ ಮ್ಯಾಗಜೀನುಳ್ಳ .315 ಬೋರಿನ ರೈಫಲು, ಇವೇ ಅವುಗಳ ಬಗೆಗಳು. ವರ್ಷದಲ್ಲಿ ಒಂದೆರಡು ರಾತ್ರಿ ಹೊರಗೆ ಬಂದು, ಉಳಿದ ದಿನವೆಲ್ಲ ಮೂಲೆ ಹಿಡಿದಿರುವ ಆಯುಧವಾದುದರಿಂದ, ಅದರ ಬಾಳಿಕೆಯು ಉಪಯೋಗಕ್ಕಿಂತ ಹೆಚ್ಚಾಗಿ ಇಡುವ ರೀತಿಯನ್ನೇ ಅವಲಂಬಿಸಿರುತ್ತದೆ.

ಬೇಕಾದ ಹೊತ್ತಿಗೆ ಸಿದ್ಧವಿರಲೆಂದು ರೈಫಲಿನ ಮ್ಯಾಗಜೀನಿನಲ್ಲಿ ತೋಟಾ ತುಂಬಿ ತಿಂಗಳುಗಟ್ಟಲೆ ಇಡುವವರುಂಟು. ಈ ವಿಷಯದಲ್ಲಿ ಎರಡು ನಂಬಿಕೆಗಳಿವೆ. ಒತ್ತಿಟ್ಟ ಸ್ಪ್ರಿಂಗು ಬಲಗುಂದಿ ತೋಟಾವನ್ನು ಮೇಲೆತ್ತದೆ ಹೋಗುವುದೆಂಬುದು ಒಂದು. ಸ್ಪ್ರಿಂಗು ಕೆಡದಿದ್ದರೆ ತುಂಬಿಡುವುದರಿಂದ ಯಾವ ಬಾಧಕವೂ ಇಲ್ಲವೆಂಬುದು ಇನ್ನೊಂದು. ಮೊದಲನೆಯದು ಬಹುಮಟ್ಟಿಗೆ ತಪ್ಪು. ಎರಡನೆಯದು ಪೂರ್ತಿ ತಪ್ಪು.

ಚೆನ್ನಾಗಿ ಹದಗೊಳಿಸಿದ ಉಕ್ಕಿನ ಸ್ಪ್ರಿಂಗು, ತಾನು ತಾಳಬಲ್ಲ ಮಿತಿಯೊಳಗೆ ಒತ್ತಲ್ಪಟ್ಟಿರುವಷ್ಟು ಕಾಲ, ಬರಿದೆ ಒತ್ತಿನಲ್ಲಿದ್ದುದರಿಂದ ಸವೆಯುವುದಿಲ್ಲ. ಹೊಸದರಲ್ಲಿ ಅದರ ಎತ್ತರ ತುಸು ತಗ್ಗಬಹುದು, ಅದು ದೋಷವಲ್ಲ. ಅದನ್ನು ದಣಿಸುವುದು ಪದೇ ಪದೇ ಒತ್ತಿ ಬಿಡುವ ಕ್ರಿಯೆ. ಬೇಲಿಯ ತಂತಿಯನ್ನು ಒಮ್ಮೆ ಬಾಗಿಸಿ ಬಿಟ್ಟರೆ ವರ್ಷಗಳು ಕಳೆದರೂ ಹಾಗೆಯೇ ಇರುತ್ತದೆ. ಅತ್ತಿತ್ತ ಹತ್ತು ಸಲ ಬಾಗಿಸಿದರೆ ತುಂಡಾಗುತ್ತದೆ. ಸ್ಪ್ರಿಂಗಿಗೆ ವಿಶ್ರಾಂತಿ ಕೊಡುವೆವೆಂದು ವಾರಕ್ಕೊಮ್ಮೆ ಖಾಲಿ ಮಾಡಿ ಮತ್ತೆ ತುಂಬುವವರು ಅದರ ಆಯುಷ್ಯವನ್ನು ಕಡಿಮೆ ಮಾಡುತ್ತಿರುತ್ತಾರಲ್ಲದೆ ಹೆಚ್ಚಿಸುವುದಿಲ್ಲ. ಮ್ಯಾಗಜೀನಿಗೆ ನಿಜವಾದ ಶತ್ರುಗಳೆಂದರೆ ತುಕ್ಕು, ಧೂಳು, ಬಾಯಿಯ ಅಂಚು ಬಡಿದು ಸೊಟ್ಟಗಾಗುವುದು, ಮತ್ತು ಒಳಗೆ ಸುರಿದ ಎಣ್ಣೆ. ಎಣ್ಣೆಗೆ ಧೂಳು ಅಂಟಿ ಜಿಡ್ಡಾಗುವುದಲ್ಲದೆ, ತೋಟಾದ ಬುಡದಲ್ಲಿರುವ ಕೇಪಿನೊಳಗೆ ಇಳಿದು ಅದನ್ನು ಕೆಡಿಸಲೂ ಬಹುದು.

ಆದರೆ ಕೆಡುವುದು ಮ್ಯಾಗಜೀನಿಗಿಂತ ಮುಂಚೆ ತೋಟಾ. ಇದಕ್ಕೆ ನಮ್ಮ ದೇಶದಲ್ಲೇ ನಡೆದ ಒಂದು ಉದಾಹರಣೆಯು ಬಹಳ ಬೋಧಪ್ರದವಾಗಿದೆ. ಬ್ರಿಟಿಷರ ಕಾಲದಲ್ಲಿ ಸೈನ್ಯದ ಹಿತ್ತಾಳೆಯ ತೋಟಾಗಳನ್ನು ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಡುವುದಿತ್ತು. ಮಳೆ ತೀರಿದ ಮೇಲೆ ನೋಡಿದರೆ, ಒಮ್ಮೆಯೂ ಹಾರಿಸದ ತೋಟಾಗಳ ಕುತ್ತಿಗೆಯ ಬಳಿ ಸೀಳುಗಳು ಬಿದ್ದಿರುತ್ತಿದ್ದವು. ಕಾರಣವು ಬಹುಕಾಲ ತಿಳಿಯಲಿಲ್ಲ. 1921ರಲ್ಲಿ ವಿಜ್ಞಾನಿಗಳು ಅದನ್ನು ವಿವರಿಸಿದರು: ಕುದುರೆಗಳ ಮೂತ್ರದಿಂದೇಳುವ ಅಮೋನಿಯಾ ಆವಿಯು ತೇವದೊಡನೆ ಸೇರಿ, ಬಿಗಿತದಲ್ಲಿರುವ ಹಿತ್ತಾಳೆಯನ್ನು ಸೀಳುತ್ತದೆ. ಗುಂಡನ್ನು ಕಚ್ಚಿ ಹಿಡಿದಿರುವ ಕುತ್ತಿಗೆಯೇ ಹೆಚ್ಚು ಬಿಗಿತದ ಭಾಗವಾದುದರಿಂದ ಸೀಳು ಅಲ್ಲಿಯೇ ಕಾಣಿಸುತ್ತಿತ್ತು.

ಈ ಸಂಗತಿಯು ಕುದುರೆ ಲಾಯಕ್ಕೆ ಮಾತ್ರ ಸೇರಿದ್ದಲ್ಲ. ಈ ಸೀಮೆಯ ಹಳೆಯ ಮಾಳಿಗೆ ಮನೆಗಳಲ್ಲಿ ದನ ಕಟ್ಟುವ ಜಾಗವೂ ಪಡಸಾಲೆಯೂ ಒಂದೇ ಬಾಗಿಲ ಒಳಗಿರುವುದುಂಟು. ಗೋದಲಿಯ ಮೇಲಿನ ಗೂಡಿನಲ್ಲಿ ಇಟ್ಟ ತೋಟಾಗಳಿಗೆ ಗಂಜಲದ ಆವಿ ತಪ್ಪದು. ಯೂರಿಯಾ ಚೀಲಗಳ ಕೋಣೆಯೂ ಹಾಗೆಯೇ. ತೇವ ತಗುಲಿದ ಯೂರಿಯಾ ಒಡೆದಾಗ ಹುಟ್ಟುವುದೂ ಅಮೋನಿಯಾವೇ. ಆದಕಾರಣ ದನದ ಮನೆ, ಗೊಬ್ಬರದ ಉಗ್ರಾಣ ಇವೆರಡರಲ್ಲಿಯೂ ತೋಟಾಗಳನ್ನು ಇಡತಕ್ಕದ್ದಲ್ಲ. ಚರ್ಮದ ಪಟ್ಟಿಯಲ್ಲಿ ಸಿಕ್ಕಿಸಿ ಇಡುವುದೂ ಒಳ್ಳೆಯದಲ್ಲ. ಚರ್ಮ ಹದಮಾಡಿದ ಆಮ್ಲಗಳಿಂದ ಹಿತ್ತಾಳೆಗೆ ಹಸಿರು ಕಿಲುಬು ಹತ್ತುತ್ತದೆ.

ಸ್ಥಳಕ್ಕೆ ತಕ್ಕಂತೆ ತೊಂದರೆಯೂ ಬೇರೆ. ತುಂಗಭದ್ರಾ ಕಾಲುವೆಯ ನೀರುಂಡ ಗಂಗಾವತಿಯ ಭತ್ತದ ಭೂಮಿಯಲ್ಲಿ ತೇವವೇ ಮುಖ್ಯ ಶತ್ರು. 12 ಬೋರಿನ ಕಾಗದದ ತೋಟಾಗಳು ಅಲ್ಲಿ ಉಬ್ಬಿ ನಳಿಗೆಯೊಳಗೆ ಹೋಗದಂತಾಗುತ್ತವೆ. ಕುಷ್ಟಗಿ, ಯಲಬುರ್ಗಾಗಳ ಖುಷ್ಕಿ ಪ್ರದೇಶದಲ್ಲಿ ಧೂಳು ಮತ್ತು ಬೇಸಗೆಯ ಬಿಸಿಲು. ತಗಡಿನ ಮಾಡಿನ ಕೆಳಗೆ ಇಟ್ಟ ತೋಟಾಗಳಲ್ಲಿ ಹೊಗೆಯಿಲ್ಲದ ಮದ್ದು ಕಾವಿನಿಂದ ಬೇಗ ವಿಘಟಿತವಾಗುತ್ತದೆ. ಎರಡೂ ಕಡೆಗೆ ಒಂದೇ ಉಪಾಯ: ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಮನೆಯ ತಂಪಾದ ಒಣ ಕೋಣೆಯಲ್ಲಿ, ನೆಲಕ್ಕೂ ಗೋಡೆಗೂ ತಾಗದಂತೆ, ಬೀಗದೊಳಗೆ ಇಡುವುದು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಹಿಂಗಾರು ಬಿತ್ತನೆ ಮುಗಿದ ಮೇಲೆ ಒಮ್ಮೆ ಪರೀಕ್ಷಿಸಿದರೆ ಸಾಕು. ಕಿಲುಬು, ಸೀಳು, ಉಬ್ಬು ಕಂಡ ತೋಟಾಗಳನ್ನು ಹಾರಿಸಿ ನೋಡುವುದಾಗಲಿ, ಒಲೆಗೋ ಬಾವಿಗೋ ಹಾಕುವುದಾಗಲಿ ಸರ್ವಥಾ ಕೂಡದು. ಪೊಲೀಸ್ ಠಾಣೆಯಲ್ಲಿ ವಿಚಾರಿಸಿ ಒಪ್ಪಿಸಬೇಕು.

ಇದೆಲ್ಲಕ್ಕಿಂತ ಅಪಾಯಕರವಾದುದು ಮದ್ದು ಜಡಿದು ಅಟ್ಟದ ಮೇಲಿಟ್ಟ ಕೇಪಿನ ಕೋವಿ. ಕರಿಮದ್ದಿನಲ್ಲಿ ಪೆಟ್ಲುಪ್ಪು, ಗಂಧಕ, ಇದ್ದಿಲು ಇರುತ್ತವೆ. ಅದು ತೇವ ಹಿಡಿದು ನಳಿಗೆಯ ಒಳಮೈಯನ್ನು ತುಕ್ಕು ತಿನ್ನಿಸುತ್ತದೆ. ಅರ್ಧ ಒದ್ದೆಯಾದ ಮದ್ದು ಕುದುರೆ ಬಿದ್ದೊಡನೆ ಹೊತ್ತದೆ, ಕೆಲವು ಕ್ಷಣಗಳ ನಂತರ ಹೊತ್ತಿಕೊಳ್ಳುವುದುಂಟು. ಹಾರಲಿಲ್ಲವೆಂದು ನಳಿಗೆಯ ಬಾಯಲ್ಲಿ ಇಣುಕಿದವನ ಗತಿಯನ್ನು ಹೇಳಬೇಕಾಗಿಲ್ಲ. ಹಾರದಿದ್ದಾಗ ನಳಿಗೆಯನ್ನು ಜನವಿಲ್ಲದ ದಿಕ್ಕಿಗೆ ಹಿಡಿದು ಕನಿಷ್ಠ ಒಂದು ನಿಮಿಷ ಕಾಯತಕ್ಕದ್ದು. ಹಿಂದಿನ ವರ್ಷ ಜಡಿದಿಟ್ಟದ್ದಾದರೆ ಮೊದಲು ಕೇಪು ತೆಗೆದು, ಮದ್ದು ಪೂರ್ತಿ ನೆನೆಯುವಂತೆ ನಳಿಗೆಗೆ ನೀರು ಹೊಯ್ದು, ಅನಂತರ ಪರವಾನಗಿ ಪಡೆದ ಕೋವಿ ದುರಸ್ತಿಗಾರರಿಂದ ಬಿಡಿಸಬೇಕು.

ಮನೆಯಲ್ಲಿ ಮಕ್ಕಳು, ಅಳುಗಳು, ಬಂದುಹೋಗುವ ನೆಂಟರು ಇರುತ್ತಾರೆ. ಮ್ಯಾಗಜೀನನ್ನು ತೆಗೆದರೂ ನಳಿಗೆಯ ಕೋಣೆಯಲ್ಲಿ ಒಂದು ತೋಟಾ ಉಳಿದಿರಬಹುದೆಂಬುದನ್ನು ಅನುಭವಸ್ಥರೂ ಮರೆಯುತ್ತಾರೆ. ಆಯುಧವನ್ನು ಖಾಲಿಯಾಗಿ ಒಂದು ಬೀಗದಲ್ಲಿ, ತೋಟಾಗಳನ್ನು ಬೇರೊಂದು ಬೀಗದಲ್ಲಿ ಇಡುವುದೇ ಕ್ರಮ. ಹೊರತೆಗೆದು ತುಂಬಲು ಅರ್ಧ ನಿಮಿಷ ಹೆಚ್ಚು ಹಿಡಿಯುತ್ತದೆ. ಹಂದಿಯ ಹಿಂಡು ಅಷ್ಟರಲ್ಲಿ ಹೊಲವನ್ನು ಮುಗಿಸುವುದಿಲ್ಲ.

ಹಂದಿಯ ಮಾತು ಬಂದುದರಿಂದ ಇಷ್ಟನ್ನು ತಿಳಿಸಬೇಕಾಗಿದೆ. 1959ರ ಆಯುಧ ಕಾಯಿದೆಯ ಮೇರೆಗೆ ದೊರೆತ ಪರವಾನಗಿಯು ಬಂದೂಕನ್ನು ಇಟ್ಟುಕೊಳ್ಳುವುದಕ್ಕೆ, ಪ್ರಾಣಿಯನ್ನು ಕೊಲ್ಲುವುದಕ್ಕಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಕರಡಿ, ಚಿರತೆ, ಕೃಷ್ಣಮೃಗ, ನವಿಲು ಸೇರಿವೆ. ಕಾಡುಹಂದಿಯು ಬೆಳೆ ಹಾಳುಮಾಡಿದರೂ ಅರಣ್ಯ ಇಲಾಖೆಯ ಅಧಿಕೃತ ಅಧಿಕಾರಿಗಳ ಲಿಖಿತ ಅನುಮತಿಯಿಲ್ಲದೆ ಹೊಡೆಯುವಂತಿಲ್ಲ.

ಚುನಾವಣೆಯ ಕಾಲದಲ್ಲಿ ಆಯುಧಗಳನ್ನು ಠಾಣೆಗೆ ಒಪ್ಪಿಸುವಂತೆ ಆಜ್ಞೆಯಾದಾಗ, ಮ್ಯಾಗಜೀನು ಮತ್ತು ನಳಿಗೆಯ ಕೋಣೆ ಎರಡನ್ನೂ ಮನೆಯಲ್ಲಿಯೇ ಬರಿದು ಮಾಡಿಕೊಂಡು ಒಯ್ಯಬೇಕು. ನಳಿಗೆಗೆ ತೆಳುವಾಗಿ ಎಣ್ಣೆ ಸವರಿ, ಆಯುಧದ ನಂಬರು ಬರೆಯಿಸಿದ ರಸೀದಿಯನ್ನು ತಪ್ಪದೆ ಪಡೆಯತಕ್ಕದ್ದು. ಮರಳಿ ಬಂದ ದಿನ ಆ ಎಣ್ಣೆಯನ್ನು ಒಣಬಟ್ಟೆಯಿಂದ ಒರೆಸಿ, ನಳಿಗೆಯಲ್ಲಿ ಜೇಡನ ಬಲೆಯಾಗಲಿ ಕಣಜದ ಮಣ್ಣಿನ ಗೂಡಾಗಲಿ ಇಲ್ಲವೆಂದು ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ಬೀಗದೊಳಗೆ ಇಡಬೇಕು.